ಎಸ್‌ಎಲ್-1200 ಟೋನ್‌ಆರ್ಮಿನ ಶೂನ್ಯಬಿಂದುಗಳು: ತಯಾರಕರ ಅಳತೆಗಳ ಮರುಪರಿಶೀಲನೆ

1. ವ್ಯಾಪ್ತಿ

ಜಪಾನಿನ ಮತ್ಸುಶಿತ ಕಂಪನಿ ಟೆಕ್ನಿಕ್ಸ್ ಹೆಸರಿನಲ್ಲಿ 1979ರಲ್ಲಿ ಹೊರತಂದ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನ ಟೋನ್‌ಆರ್ಮ್ ಈ ಟಿಪ್ಪಣಿಯ ವಸ್ತು. ಮನೆಯಲ್ಲೇ ಕಾರ್ಟ್ರಿಜ್ ಕೂರಿಸುವವರಲ್ಲಿ ಇದರ ಬಗ್ಗೆ ಎರಡು ಮಾತು ಬಳಕೆಯಲ್ಲಿವೆ. ಇದರ ಜ್ಯಾಮಿತಿ 'ಸ್ಟೀವನ್‌ಸನ್' ಕ್ರಮದ್ದು ಎಂಬುದು ಒಂದು. ಆ ಜ್ಯಾಮಿತಿ ಸರಿಯಿಲ್ಲ, ಕಾರ್ಟ್ರಿಜ್ಜನ್ನು ಮುಂದಕ್ಕೆ ಸರಿಸಿ 'ಬೇರ್‌ವಾಲ್ಡ್' ಕ್ರಮಕ್ಕೆ ಹೊಂದಿಸಬೇಕು ಎಂಬುದು ಇನ್ನೊಂದು. ತಯಾರಕರೇ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕಿದರೆ ಮೊದಲನೆಯ ಮಾತು ಪೂರ್ತಿ ನಿಲ್ಲುವುದಿಲ್ಲ. ಎರಡನೆಯದು ಯಾವ ಅಳತೆಯ ರೆಕಾರ್ಡು ನುಡಿಸಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಮುಳ್ಳಿನ ಭಾರ, ಟೋನ್‌ಆರ್ಮಿನ ಎತ್ತರ, ಆಂಟಿಸ್ಕೇಟಿಂಗ್ ಇವನ್ನು ಇಲ್ಲಿ ಚರ್ಚಿಸಿಲ್ಲ. ಕೆಳಗಿನ ಎಲ್ಲ ಮಾತೂ ಸಮತಲದ ಜ್ಯಾಮಿತಿಗೆ ಸೀಮಿತ.

2. ಬಳಸಿದ ಸಂಬಂಧಗಳು

ಒಂದೇ ಪಿವಟ್ಟಿನ ಮೇಲೆ ತಿರುಗುವ ಟೋನ್‌ಆರ್ಮಿನಲ್ಲಿ ಮುಳ್ಳು ವೃತ್ತಖಂಡದ ಗುಂಟ ಚಲಿಸುತ್ತದೆ. ರೆಕಾರ್ಡನ್ನು ಕೊರೆದ ತಲೆಯಾದರೋ ತ್ರಿಜ್ಯದ ಗುಂಟ ನೇರವಾಗಿ ಸಾಗಿರುತ್ತದೆ. ಹೀಗಾಗಿ ಕಾರ್ಟ್ರಿಜ್ಜಿನ ಅಕ್ಷ ಗ್ರೂವಿನ ಸ್ಪರ್ಶರೇಖೆಯ ಜೊತೆ ಎಲ್ಲೆಡೆ ಕೂಡುವುದು ಸಾಧ್ಯವಿಲ್ಲ. ಹೆಚ್ಚೆಂದರೆ ಎರಡು ತ್ರಿಜ್ಯಗಳಲ್ಲಿ ಕೂಡುತ್ತದೆ. ಇವೇ ಶೂನ್ಯಬಿಂದುಗಳು. ಪಿವಟ್ಟಿನಿಂದ ಮುಳ್ಳಿನ ತುದಿಗಿರುವ ದೂರವನ್ನು ಪರಿಣಾಮಕ ಉದ್ದ ಎನ್ನೋಣ. ಅದರಿಂದ ಪಿವಟ್–ಸ್ಪಿಂಡಲ್ ದೂರವನ್ನು ಕಳೆದರೆ ಓವರ್‌ಹ್ಯಾಂಗ್ ಸಿಗುತ್ತದೆ. ಕಾರ್ಟ್ರಿಜ್ಜಿನ ಅಕ್ಷ ಪಿವಟ್–ಮುಳ್ಳು ರೇಖೆಯೊಂದಿಗೆ ಮಾಡುವ ಕೋನ ಆಫ್‌ಸೆಟ್ ಕೋನ. ಪರಿಣಾಮಕ ಉದ್ದವನ್ನು ಅದರ ಸೈನ್‌ನಿಂದ ಗುಣಿಸಿದರೆ ಬರುವುದು ರೇಖೀಯ ಆಫ್‌ಸೆಟ್.

ಎರಡು ಸಂಬಂಧಗಳು ಸಾಕು. ಶೂನ್ಯಬಿಂದುಗಳ ಮೊತ್ತ ರೇಖೀಯ ಆಫ್‌ಸೆಟ್ಟಿನ ಎರಡರಷ್ಟು. ಅವುಗಳ ಗುಣಲಬ್ಧವು ಪರಿಣಾಮಕ ಉದ್ದದ ವರ್ಗದಿಂದ ಪಿವಟ್–ಸ್ಪಿಂಡಲ್ ದೂರದ ವರ್ಗವನ್ನು ಕಳೆದಷ್ಟು. ಇಲ್ಲಿ ಅಂದಾಜು ಯಾವುದೂ ಇಲ್ಲ. ತ್ರಿಕೋನದ ನಿಯಮದಿಂದ ನೇರವಾಗಿ ಬರುತ್ತವೆ. ಕಾರ್ಟ್ರಿಜ್ಜಿನ ಅಕ್ಷಕ್ಕೂ ಗ್ರೂವಿನ ಸ್ಪರ್ಶರೇಖೆಗೂ ನಡುವಿನ ದೋಷಕೋನದಿಂದ ಹುಟ್ಟುವ ಎರಡನೆಯ ಹಾರ್ಮೋನಿಕ್ ವಿರೂಪಕ್ಕೆ ಮಾತ್ರ ಅಂದಾಜು ಸೂತ್ರ ಬಳಸಿದೆ: ಧ್ವನಿಮುದ್ರಣದ ಗರಿಷ್ಠ ವೇಗವನ್ನು ಗ್ರೂವಿನ ವೇಗದಿಂದ ಭಾಗಿಸಿ, ದೋಷಕೋನದ ಟ್ಯಾಂಜೆಂಟಿನಿಂದ ಗುಣಿಸುವುದು. ಧ್ವನಿಮುದ್ರಣದ ವೇಗವನ್ನು ಎಲ್ಲ ಕಡೆ ಸೆಕೆಂಡಿಗೆ 100 ಮಿ.ಮೀ. ಎಂದು ಹಿಡಿದಿದೆ. ಇದು ಹೋಲಿಕೆಗಾಗಿ ಆರಿಸಿಕೊಂಡ ಸಂಖ್ಯೆ. ಇದರಿಂದ ಬರುವ ಶೇಕಡಾವಾರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದೇ ಹೊರತು ಕಿವಿಗೆ ಕೇಳುವ ವಿರೂಪದ ಅಳತೆಯೆಂದು ಓದಬಾರದು.

3. ಹೆಸರುಗಳು ಮತ್ತು ಕಾಲ

ಪರ್ಸಿ ವಿಲ್ಸನ್ 1924ರಲ್ಲಿ ಬ್ರಿಟನ್ನಿನ 'ಗ್ರಾಮಫೋನ್' ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಾಗ ಗಮನ ಇದ್ದದ್ದು ಕೋನದೋಷದ ಮೇಲೆ. ವಿರೂಪವು ಕೋನಕ್ಕಲ್ಲ, ಕೋನವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ ಭಾಗಲಬ್ಧಕ್ಕೆ ಅನುಪಾತದಲ್ಲಿದೆ ಎಂಬ ನೆಲೆಯಿಂದ ಲೆಕ್ಕ ಕಟ್ಟಿದವರು ಎರಿಕ್ ಲೋಫ್‌ಗ್ರೆನ್ (1938). ಆ ಪ್ರಬಂಧದಲ್ಲಿ ಎರಡು ಪರಿಹಾರಗಳಿವೆ. ವಿರೂಪದ ಮೂರು ಶಿಖರಗಳನ್ನು, ಅಂದರೆ ಒಳ ಅಂಚು, ನಡುವೆ, ಹೊರ ಅಂಚು ಇವನ್ನು, ಸಮ ಮಾಡುವುದು ಒಂದು. ಸರಾಸರಿ ವಿರೂಪವನ್ನು ಕನಿಷ್ಠಗೊಳಿಸುವುದು ಇನ್ನೊಂದು. ಎಚ್. ಜಿ. ಬೇರ್‌ವಾಲ್ಡ್ ಅವರ 1941ರ ಪ್ರಬಂಧ ತಲುಪುವುದು ಇವುಗಳಲ್ಲಿ ಮೊದಲನೆಯ ಪರಿಹಾರವನ್ನೇ. ಆದ್ದರಿಂದ 'ಬೇರ್‌ವಾಲ್ಡ್' ಎಂದು ಮಾರಾಟವಾಗುವ ಕೋನಮಾಪಕವನ್ನು 'ಲೋಫ್‌ಗ್ರೆನ್ ಎ' ಎನ್ನುವುದು ಕಾಲಕ್ರಮದ ದೃಷ್ಟಿಯಿಂದ ಹೆಚ್ಚು ಸರಿ. ಈ ಟಿಪ್ಪಣಿಯಲ್ಲಿ ಆ ಹೆಸರನ್ನೇ ಬಳಸಿದೆ.

ಈ ಹೆಸರುಗಳ ಜೊತೆ ಅಂಟಿಕೊಂಡಿರುವ 66.0 ಮತ್ತು 120.9 ಮಿ.ಮೀ. ಎಂಬ ಜೋಡಿಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಮಾರುಕಟ್ಟೆಗೆ ತಂದದ್ದು 1948ರಲ್ಲಿ. 1938 ಮತ್ತು 1941ರ ಲೇಖಕರ ಮುಂದೆ ಎಲ್‌ಪಿ ಇರಲಿಲ್ಲ. ಸೂತ್ರ ಅವರದು, ಅಂಕಿ ಅವರದಲ್ಲ. ಆ ಸೂತ್ರಕ್ಕೆ ಐಇಸಿ ಮಾನಕದ ಒಳ ತ್ರಿಜ್ಯ 60.325 ಮತ್ತು ಹೊರ ತ್ರಿಜ್ಯ 146.05 ಮಿ.ಮೀ. ಹಾಕಿದಾಗ ಈ ಜೋಡಿ ಬರುತ್ತದೆ. ಒಳ ತ್ರಿಜ್ಯವನ್ನು ಜರ್ಮನ್ ಡಿಐಎನ್ ಮಾನಕದ 57.5ಕ್ಕೆ ಇಳಿಸಿದರೆ ಅದೇ ಸೂತ್ರ 63.1 ಮತ್ತು 119.2 ಕೊಡುತ್ತದೆ. ಕೋನಮಾಪಕದ ಮೇಲೆ ವ್ಯಕ್ತಿಯ ಹೆಸರಿದ್ದು ತ್ರಿಜ್ಯಗಳ ಉಲ್ಲೇಖ ಇಲ್ಲದಿದ್ದರೆ ಮಾಹಿತಿ ಅರ್ಧವಷ್ಟೇ ಸಿಕ್ಕಂತೆ.

ಜೆ. ಕೆ. ಸ್ಟೀವನ್‌ಸನ್ 1966ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದ ಲೇಖನದೊಂದಿಗೆ ಗುರುತಿಸಲಾಗುವ ಕ್ರಮದಲ್ಲಿ ಒಳ ಶೂನ್ಯಬಿಂದುವನ್ನು ಅತ್ಯಂತ ಒಳಗಿನ ಗ್ರೂವಿನ ಮೇಲೇ ಇಡಲಾಗುತ್ತದೆ. ಐಇಸಿ ತ್ರಿಜ್ಯಗಳಿಗೆ ಇದು 60.325 ಮತ್ತು 117.4. ಗ್ರೂವಿನ ವೇಗ ಅಲ್ಲಿ ಅತಿ ಕಡಿಮೆ ಎಂಬುದು ಇದಕ್ಕೆ ಮುಖ್ಯ ಸಮರ್ಥನೆ. ಪಾಶ್ಚಾತ್ಯ ಸಿಂಫನಿಯ ಅತಿ ಜೋರಿನ ಭಾಗ ಕೊನೆಗೆ ಬರುತ್ತದೆ ಎಂಬುದನ್ನೂ ಕೆಲವರು ಸೇರಿಸುತ್ತಾರೆ. ಕಛೇರಿಯ ಕ್ರಮವನ್ನು ಅನುಸರಿಸಿದ ಕರ್ನಾಟಕ ಸಂಗೀತದ ಎಲ್‌ಪಿಯಲ್ಲಿ ಕೊನೆಗೆ ಬರುವುದು ತುಕ್ಕಡಗಳಾದ್ದರಿಂದ ಈ ಎರಡನೆಯ ಸಮರ್ಥನೆ ಅಲ್ಲಿಗೆ ಹಾಗೇ ಒಗ್ಗದು.

4. ತಯಾರಕರ ಅಂಕಿಗಳು

ಎಂಕೆ2 ಕೈಪಿಡಿಯ ಪ್ರಕಾರ ಪರಿಣಾಮಕ ಉದ್ದ 230 ಮಿ.ಮೀ., ಓವರ್‌ಹ್ಯಾಂಗ್ 15 ಮಿ.ಮೀ., ಆಫ್‌ಸೆಟ್ ಕೋನ 22 ಡಿಗ್ರಿ. ಪಿವಟ್–ಸ್ಪಿಂಡಲ್ ದೂರ ಹೀಗಾಗಿ 215. ರೇಖೀಯ ಆಫ್‌ಸೆಟ್ 86.16, ವರ್ಗಗಳ ವ್ಯತ್ಯಾಸ 6675. ಇವುಗಳಿಂದ ಬರುವ ಶೂನ್ಯಬಿಂದುಗಳು 58.8 ಮತ್ತು 113.5 ಮಿ.ಮೀ.

ಒಳ ಶೂನ್ಯಬಿಂದು ಐಇಸಿ ಒಳ ಅಂಚಿಗಿಂತ 1.5 ಮಿ.ಮೀ. ಒಳಗಿದೆ. ಅಂದರೆ ಮಾನಕದ ಮಿತಿಯಲ್ಲೇ ಮುಗಿಯುವ ಹನ್ನೆರಡಿಂಚಿನ ಎಲ್‌ಪಿಯಲ್ಲಿ ಆ ಬಿಂದುವನ್ನು ಮುಳ್ಳು ಸಂಗೀತದ ಗ್ರೂವಿನಲ್ಲಿ ತಲುಪುವುದೇ ಇಲ್ಲ. 'ಸ್ಟೀವನ್‌ಸನ್' ಎಂಬ ಹಣೆಪಟ್ಟಿ ಬಹುಶಃ ಈ ಒಳವಾಲುವಿಕೆಯಿಂದ ಬಂದಿದೆ. ಆದರೆ 215 ಮಿ.ಮೀ. ದೂರಕ್ಕೆ ಕಟ್ಟುನಿಟ್ಟಾದ ಸ್ಟೀವನ್‌ಸನ್ ಕ್ರಮ ಕೇಳುವುದು 15.9 ಮಿ.ಮೀ. ಓವರ್‌ಹ್ಯಾಂಗ್ ಮತ್ತು 22.6 ಡಿಗ್ರಿ. ಒಳ ತ್ರಿಜ್ಯವನ್ನೇ 58.8 ಎಂದು ಬದಲಿಸಿದರೂ ಹೊರ ಶೂನ್ಯಬಿಂದು 116.4ರ ಆಸುಪಾಸಿನಲ್ಲಿ ಇರಬೇಕಿತ್ತು. ಸುಮಾರು 3 ಮಿ.ಮೀ. ಅಂತರ ಉಳಿದೇ ಉಳಿಯುತ್ತದೆ.

ಇದಕ್ಕೊಂದು ಆಕ್ಷೇಪ ಸಾಧ್ಯ. 22 ಡಿಗ್ರಿ ಎಂಬುದು ದುಂಡು ಸಂಖ್ಯೆಯಾಗಿದ್ದರೆ? ನಿಜವಾದ ಕೋನ 22.5 ಆಗಿದ್ದಲ್ಲಿ ಶೂನ್ಯಬಿಂದುಗಳು 55.3 ಮತ್ತು 120.8ಕ್ಕೆ ಹೋಗುತ್ತವೆ, ಮೇಲಿನ ವಾದವೇ ಕುಸಿಯುತ್ತದೆ. ಅದೃಷ್ಟವಶಾತ್ ಕೈಪಿಡಿಯಲ್ಲಿ ಇನ್ನೂ ಸೂಕ್ಷ್ಮವಾದ ಎರಡು ಅಂಕಿಗಳಿವೆ: 30 ಸೆಂ.ಮೀ. ರೆಕಾರ್ಡಿನ ಹೊರ ಗ್ರೂವಿನಲ್ಲಿ ದೋಷಕೋನ 2 ಡಿಗ್ರಿ 32 ಮಿನಿಟಿನೊಳಗೆ, ಒಳ ಗ್ರೂವಿನಲ್ಲಿ 0 ಡಿಗ್ರಿ 32 ಮಿನಿಟಿನೊಳಗೆ. 230, 15, 22 ಇವನ್ನು ದುಂಡಗಾಗಿಸದ ಸಂಖ್ಯೆಗಳೆಂದೇ ಹಿಡಿದು ಐಇಸಿಯ 146.05ರಲ್ಲಿ ಲೆಕ್ಕ ಹಾಕಿದರೆ ದೋಷ 2 ಡಿಗ್ರಿ 38 ಮಿನಿಟು. ಕೈಪಿಡಿಗಿಂತ 6 ಮಿನಿಟು ಹೆಚ್ಚು. ತ್ರಿಜ್ಯವನ್ನು 145 ಮಿ.ಮೀ. ಎಂದು ಹಿಡಿದರೆ ಮಾತ್ರ 2 ಡಿಗ್ರಿ 32 ಮಿನಿಟು ಬರುತ್ತದೆ. ಒಳಗಡೆ 32 ಮಿನಿಟಿನ ದೋಷ ಎರಡು ಕಡೆ ಕಾಣುತ್ತದೆ: 63.9 ಮಿ.ಮೀ.ನಲ್ಲಿ ಋಣ ಚಿಹ್ನೆಯೊಂದಿಗೆ, 55ರ ಹತ್ತಿರ ಧನ ಚಿಹ್ನೆಯೊಂದಿಗೆ.

ತಯಾರಕರು 145 ಮತ್ತು 55 ಎಂಬ ತ್ರಿಜ್ಯಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿರಬಹುದು ಎಂದು ಇದರಿಂದ ಊಹಿಸಲು ಎಡೆಯಿದೆ. ಊಹೆಯ ಬಲವನ್ನು ಹೆಚ್ಚಾಗಿ ಅಂದಾಜಿಸಬಾರದು. ಎರಡು ತ್ರಿಜ್ಯಗಳನ್ನು ನಮಗೆ ಬೇಕಾದಂತೆ ಆರಿಸಿ ಎರಡು ದೋಷಗಳಿಗೆ ಹೊಂದಿಸಿದಾಗ ಹೊಂದಿಕೆ ಯಾವಾಗಲೂ ಸಿಗುತ್ತದೆ. ಇಲ್ಲಿ ಸಾಕ್ಷ್ಯವೆನ್ನಬಹುದಾದದ್ದು ಇಷ್ಟೇ: ಎರಡೂ ಕಡೆ ಬಂದ ಉತ್ತರ ಐದರಲ್ಲಿ ಮುಗಿಯುವ ದುಂಡು ಸಂಖ್ಯೆ. ಊಹೆ ಸರಿಯಿದ್ದರೆ 58.8 ಎಂಬುದು ರೆಕಾರ್ಡಿನ ಆಚೆ ಬಿದ್ದ ಬಿಂದುವಲ್ಲ, 55ರವರೆಗೆ ಸಾಗುವ ರೆಕಾರ್ಡಿಗಾಗಿ ಇಟ್ಟ ಬಿಂದು.

5. ಎಲ್‌ಪಿಯಲ್ಲಿ ಹೋಲಿಕೆ

ಅದೇ 215 ಮಿ.ಮೀ. ದೂರಕ್ಕೆ ಲೋಫ್‌ಗ್ರೆನ್ ಎ (ಐಇಸಿ) ಬೇಡುವುದು 232.8 ಮಿ.ಮೀ. ಪರಿಣಾಮಕ ಉದ್ದ, 17.8 ಮಿ.ಮೀ. ಓವರ್‌ಹ್ಯಾಂಗ್, 23.66 ಡಿಗ್ರಿ ಆಫ್‌ಸೆಟ್. 33⅓ ವೇಗದಲ್ಲಿ ಇದರ ವಿರೂಪ ಮೂರೂ ಶಿಖರಗಳಲ್ಲಿ ಶೇ. 0.64. ಕಾರ್ಖಾನೆ ಜ್ಯಾಮಿತಿಯಲ್ಲಿ ಹೊರ ಅಂಚಿನಲ್ಲಿ ಶೇ. 0.90, 77 ಮಿ.ಮೀ. ಸುತ್ತಮುತ್ತ ಶೇ. 0.75, ಒಳ ಅಂಚಿನಲ್ಲಿ ಶೇ. 0.15. ಹನ್ನೆರಡಿಂಚಿನ ಎಲ್‌ಪಿ ಮಾತ್ರ ನುಡಿಸುವವರಿಗೆ ಲೋಫ್‌ಗ್ರೆನ್ ಎ ಮೇಲು ಎಂಬ ಮಾತನ್ನು ಗರಿಷ್ಠ ವಿರೂಪದ ಮಾನದಂಡದಿಂದ ಒಪ್ಪಬಹುದು. ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಕಾರ್ಖಾನೆ ಜ್ಯಾಮಿತಿಯೇ ಸ್ಪಷ್ಟವಾಗಿ ಮುಂದಿದೆ.

6. ಸರಿಸಿ, ತಿರುಗಿಸದೆ ಬಿಟ್ಟರೆ

ಈ ಟೋನ್‌ಆರ್ಮಿನೊಂದಿಗೆ ಬರುವ ಪ್ಲಾಸ್ಟಿಕ್ ಗೇಜು ಮುಳ್ಳಿನ ತುದಿಯಿಂದ ಹೆಡ್‌ಶೆಲ್ಲಿನ ವಾಷರಿನವರೆಗೆ 52 ಮಿ.ಮೀ. ಇರುವಂತೆ ನೋಡಿಕೊಳ್ಳುತ್ತದೆ. ಅದು ಉದ್ದವನ್ನಷ್ಟೇ ನಿರ್ಧರಿಸುತ್ತದೆ. ಕಾರ್ಟ್ರಿಜ್ ಹೆಡ್‌ಶೆಲ್ಲಿನಲ್ಲಿ ನೆಟ್ಟಗೆ ಕೂತಿದೆ ಎಂಬುದು ಅದರ ಗೃಹೀತ. ಓವರ್‌ಹ್ಯಾಂಗನ್ನು 15ರಿಂದ 17.8ಕ್ಕೆ ಏರಿಸಲು ಕಾರ್ಟ್ರಿಜ್ಜನ್ನು 2.8 ಮಿ.ಮೀ. ಮುಂದಕ್ಕೆ ಸರಿಸಿದರೆ ಸಾಲದು. ಹೆಡ್‌ಶೆಲ್ಲಿನ ಸೀಳುಗಂಡಿಗಳು ಪಿವಟ್–ಮುಳ್ಳು ರೇಖೆಗೆ ಓರೆಯಾಗಿರುವುದರಿಂದ ಬೇಕಾದ ಸರಿತ 3.0 ಮಿ.ಮೀ. 52 ಇದ್ದದ್ದು 55.0 ಆಗುತ್ತದೆ.

ಹೀಗೆ ಸರಿಸುವಾಗ ರೇಖೀಯ ಆಫ್‌ಸೆಟ್ ಬದಲಾಗುವುದಿಲ್ಲ ಎಂಬುದು ಹಲವು ವಿವರಣೆಗಳಲ್ಲಿ ಬಿಟ್ಟುಹೋಗಿರುವ ಅಂಶ. ಅದು 86.16ರಲ್ಲೇ ನಿಲ್ಲುತ್ತದೆ, ಉದ್ದ ಹೆಚ್ಚಿದ ಕಾರಣ ಆಫ್‌ಸೆಟ್ ಕೋನ 22ರಿಂದ 21.72ಕ್ಕೆ ಇಳಿಯುತ್ತದೆ. ಗುರಿ 23.66. ಒಳಮುಖವಾಗಿ ತಿರುಗಿಸಬೇಕಾದ ಕೋನ ಆದ್ದರಿಂದ 1.94 ಡಿಗ್ರಿ. 23.66ರಿಂದ 22 ಕಳೆದು 1.66 ಎನ್ನುವುದು ಸರಿಯಲ್ಲ.

ಸರಿಸಿ ತಿರುಗಿಸದೆ ಬಿಟ್ಟರೆ ಆಗುವುದು ಇನ್ನೂ ಗಮನಾರ್ಹ. ರೇಖೀಯ ಆಫ್‌ಸೆಟ್ಟಿನ ವರ್ಗ 7423. ಶೂನ್ಯಬಿಂದುಗಳ ಗುಣಲಬ್ಧ 7979 ಆಗಬೇಕು. ವರ್ಗ ಸಣ್ಣದಾದ್ದರಿಂದ ಸಮೀಕರಣಕ್ಕೆ ನೈಜ ಮೂಲಗಳೇ ಇಲ್ಲ, ಅಂದರೆ ರೆಕಾರ್ಡಿನ ಯಾವ ತ್ರಿಜ್ಯದಲ್ಲೂ ದೋಷ ಸೊನ್ನೆಯಾಗುವುದಿಲ್ಲ. ಕನಿಷ್ಠ ದೋಷವೇ 0.84 ಡಿಗ್ರಿ, ಎಲ್ಲೆಡೆ ಒಂದೇ ದಿಕ್ಕಿಗೆ. ಓವರ್‌ಹ್ಯಾಂಗ್ ಮಾತ್ರ 'ಬೇರ್‌ವಾಲ್ಡ್' ಆಗಿ ಕೋನ ಕಾರ್ಖಾನೆಯದೇ ಉಳಿದ ಜೋಡಣೆ ಎರಡೂ ಜ್ಯಾಮಿತಿಗಳಿಗಿಂತ ಕೆಟ್ಟದ್ದು. ಕಾರ್ಟ್ರಿಜ್ಜಿನ ಬದಿ ಹೆಡ್‌ಶೆಲ್ಲಿನ ಅಂಚಿಗೆ ಸಮಾನಾಂತರವಾಗಿ ಕಂಡು ಕಣ್ಣಿಗೆ ಇದೇ ಸರಿ ಎನಿಸುವುದು ಬೇರೆ ಮಾತು.

7. ಮನೆಯಲ್ಲಿ ಸಾಧ್ಯವಾಗುವ ನಿಖರತೆ

ಎರಡು ಬಿಂದುಗಳ ಕೋನಮಾಪಕಕ್ಕೆ ಪಿವಟ್–ಸ್ಪಿಂಡಲ್ ದೂರ ಗೊತ್ತಿರಬೇಕಿಲ್ಲ. ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ಹೊಂದಿದರೆ ಮೊತ್ತವೂ ಗುಣಲಬ್ಧವೂ ತಾವಾಗಿ ಸರಿಯಾಗಿರುತ್ತವೆ. ಕಮಾನು ಬರೆದ ಕೋನಮಾಪಕ ಆ ದೂರವನ್ನು ನೆಚ್ಚಿಕೊಂಡಿದೆ. ಅದರಲ್ಲಿ ಮುಳ್ಳು ಕಮಾನಿನ ಎರಡೂ ತುದಿಗಳಲ್ಲಿ ಗೆರೆಯ ಮೇಲೆ ಕೂರದಿದ್ದರೆ ದೂರದ ಅಂಕಿಯನ್ನೇ ಮೊದಲು ಸಂಶಯಿಸಬೇಕು.

ಓವರ್‌ಹ್ಯಾಂಗಿನ ಸಣ್ಣ ತಪ್ಪಿಗೆ ಶೂನ್ಯಬಿಂದು ಬಹಳ ದೂರ ಓಡುತ್ತದೆ. ಲೋಫ್‌ಗ್ರೆನ್ ಎ ಜೋಡಣೆಯಲ್ಲಿ ಕೋನವನ್ನು ಹಾಗೇ ಇಟ್ಟು ಉದ್ದ ಅರ್ಧ ಮಿ.ಮೀ. ಕಡಿಮೆಯಾದರೆ ಒಳ ಬಿಂದು 66.0ರಿಂದ 62.5ಕ್ಕೆ, ಒಂದು ಮಿ.ಮೀ. ಕಡಿಮೆಯಾದರೆ 59.2ಕ್ಕೆ ಹೋಗುತ್ತದೆ. ಮೆಕ್ಯಾನಿಕಲ್ ಪೆನ್ಸಿಲ್ಲಿನ ಸೀಸದ ದಪ್ಪ ಸಾಮಾನ್ಯವಾಗಿ ಅರ್ಧ ಮಿ.ಮೀ. ಎಂಬುದನ್ನು ಇಲ್ಲಿ ನೆನೆಯಬಹುದು. ಕಾಗದದ ಮೇಲೆ ಮುದ್ರಿಸಿಕೊಂಡ ಕೋನಮಾಪಕದಲ್ಲಿ ತಪ್ಪು ಇದಕ್ಕೂ ಮೊದಲೇ ನುಸುಳಿರುತ್ತದೆ. ಪ್ರಿಂಟರು ಚಿತ್ರವನ್ನು ಪುಟಕ್ಕೆ ಹೊಂದಿಸಲು ಶೇ. 3ರಷ್ಟು ಕುಗ್ಗಿಸಿದ್ದರೆ 66.0 ಎಂಬ ಗುರುತು ನಿಜವಾಗಿ 64.0ರಲ್ಲಿ, 120.9 ಎಂಬುದು 117.3ರಲ್ಲಿ ಇರುತ್ತದೆ. 100 ಮಿ.ಮೀ. ಪರೀಕ್ಷಾ ಗೆರೆಯನ್ನು ಸ್ಟೀಲ್ ಸ್ಕೇಲಿನಿಂದ ಅಳೆಯುವಾಗ ಪುಟದ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆಯಾಗಿ ಅಳೆಯುವುದು ಕ್ಷೇಮ. ಎರಡು ದಿಕ್ಕಿನ ಕುಗ್ಗುವಿಕೆ ಒಂದೇ ಆಗಿರಬೇಕೆಂದಿಲ್ಲ. ನಡುವಿನ ತೂತು ಸ್ಪಿಂಡಲ್ಲಿಗೆ ಸಡಿಲವಾಗಿದ್ದರೆ ಆ ಸಡಿಲವೂ ತ್ರಿಜ್ಯಕ್ಕೆ ಸೇರುತ್ತದೆ.

ಕೋನವನ್ನು ಓದುವುದು ಇದಕ್ಕಿಂತ ಕಷ್ಟ. ಕಾರ್ಟ್ರಿಜ್ಜಿನ ಬದಿ 17 ಮಿ.ಮೀ. ಉದ್ದವಿದ್ದರೆ ಒಂದು ಡಿಗ್ರಿ ಎಂದರೆ ಆ ಉದ್ದಕ್ಕೆ 0.3 ಮಿ.ಮೀ. ಓರೆ. ಬದಿಗಳು ನೇರವಾಗಿಲ್ಲದ, ಕೆಳಕ್ಕೆ ಕಿರಿದಾಗುವ ಕಾರ್ಟ್ರಿಜ್ಜುಗಳಲ್ಲಿ ಇಷ್ಟನ್ನೂ ನಂಬುವಂತಿಲ್ಲ. ಕನ್ನಡಿ ಮೈಯ ಕೋನಮಾಪಕ ಇದ್ದರೆ ಕ್ಯಾಂಟಿಲಿವರನ್ನೇ ಓದಬಹುದು. ಮುಳ್ಳನ್ನು ಬಿಂದುವಿನ ಮೇಲೆ ಇಳಿಸಿ, ಕಾರ್ಟ್ರಿಜ್ಜಿನ ಎದುರಿಗೆ ತಗ್ಗಿನಲ್ಲಿ ದೀಪವಿಟ್ಟು, ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿದರೆ ಕ್ಯಾಂಟಿಲಿವರ್ ಮತ್ತು ಅದರ ಪ್ರತಿಬಿಂಬ ಕಾಣುತ್ತವೆ. ಅವೆರಡೂ ಒಂದರ ಹಿಂದೊಂದು ಅಡಗಿದಾಗ ಕಣ್ಣು ನೇರದಲ್ಲಿದೆ ಎಂದರ್ಥ. ಗೆರೆಯೊಂದಿಗೆ ಹೋಲಿಕೆ ಆಮೇಲೆ. ಕ್ಯಾಂಟಿಲಿವರ್ ಗೆರೆಗೆ ಹೊಂದಿ ಬದಿಗಳು ಹೊಂದದಿದ್ದರೆ ಕ್ಯಾಂಟಿಲಿವರನ್ನೇ ಅನುಸರಿಸುವುದು ವಾಡಿಕೆ. ಅದರಲ್ಲೂ ಒಂದು ಮಿತಿಯಿದೆ. ವಜ್ರದ ಹರಳು ಕ್ಯಾಂಟಿಲಿವರಿಗೆ ಒಂದೆರಡು ಡಿಗ್ರಿ ತಿರುಗಿ ಕೂತಿರುವುದು ಅಸಾಧ್ಯವಲ್ಲ, ಅದು ಕೋನಮಾಪಕದಲ್ಲಿ ಕಾಣುವುದಿಲ್ಲ. ದೋಷಕೋನವನ್ನು ಡಿಗ್ರಿಯ ನೂರನೇ ಭಾಗದವರೆಗೆ ಕೊಟ್ಟ ಈ ಟಿಪ್ಪಣಿಯ ಅಂಕಿಗಳು ಲೆಕ್ಕದ ನಿಖರತೆಯವು, ಜೋಡಣೆಯ ನಿಖರತೆಯವಲ್ಲ.

8. ಏಳಿಂಚಿನ ಇಪಿ

ಕನ್ನಡ ಚಿತ್ರಗೀತೆಗಳ ಹಳೆಯ ಸಂಗ್ರಹಗಳಲ್ಲಿ 45 ವೇಗದ ಏಳಿಂಚಿನ ಇಪಿಗಳ ಪಾಲು ದೊಡ್ಡದು. ಐಇಸಿ ಒಳ ತ್ರಿಜ್ಯ 60.325 ಎಂಬುದು ಹನ್ನೆರಡಿಂಚಿನ ಎಲ್‌ಪಿಯದು. ಏಳಿಂಚಿನಲ್ಲಿ ಸಂಗೀತದ ಗ್ರೂವು 84 ಮಿ.ಮೀ. ಹತ್ತಿರ ತೊಡಗಿ 54ರವರೆಗೆ ಬರಲು ಅವಕಾಶವಿದೆ. ಲೋಫ್‌ಗ್ರೆನ್ ಎ ಸೂತ್ರಕ್ಕೆ ಈ ತ್ರಿಜ್ಯಗಳನ್ನೇ ಹಾಕಿದರೆ ಶೂನ್ಯಬಿಂದುಗಳು 57.0 ಮತ್ತು 77.7. ಕಾರ್ಖಾನೆಯ ಒಳ ಬಿಂದು 58.8 ಇದಕ್ಕೆ ಹತ್ತಿರ. ಐಇಸಿ ಕೋನಮಾಪಕದ 66.0 ದೂರ.

45 ವೇಗದಲ್ಲಿ, ಅದೇ 100 ಮಿ.ಮೀ. ಊಹೆಯ ಮೇಲೆ, 54 ಮಿ.ಮೀ.ನಲ್ಲಿ ಕಾರ್ಖಾನೆ ಜ್ಯಾಮಿತಿಯ ದೋಷ 0.71 ಡಿಗ್ರಿ, ವಿರೂಪ ಶೇ. 0.49. ಎಲ್‌ಪಿಗಾಗಿ ಹೊಂದಿಸಿದ ಲೋಫ್‌ಗ್ರೆನ್ ಎ ಜೋಡಣೆಯಲ್ಲಿ ದೋಷ 2.01 ಡಿಗ್ರಿ, ವಿರೂಪ ಶೇ. 1.38. ಹೊರ ಅಂಚಿನಲ್ಲಿ, 84 ಮಿ.ಮೀ.ನಲ್ಲಿ, ಕ್ರಮವಾಗಿ ಶೇ. 0.52 ಮತ್ತು 0.47, ಇಲ್ಲಿ ಲೋಫ್‌ಗ್ರೆನ್ ಎ ಕೂದಲೆಳೆಯಷ್ಟು ಮುಂದು. ಇಡೀ ಇಪಿಯಲ್ಲಿ ಕಾರ್ಖಾನೆ ಜ್ಯಾಮಿತಿಯ ಗರಿಷ್ಠ ಶೇ. 0.56. ಎಲ್‌ಪಿಯಲ್ಲಿ ಸೋತ ಜೋಡಣೆ ಇಪಿಯ ಕೊನೆಯ ಹಾಡಿನಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರದಿಂದ ಗೆಲ್ಲುತ್ತದೆ. 'ತಪ್ಪು ಜ್ಯಾಮಿತಿ' ಎಂಬ ತೀರ್ಪು ಇಂಥ ಸಂಗ್ರಹಕ್ಕೆ ಅನ್ವಯಿಸುವುದು ಕಷ್ಟ.

ಇದೆಲ್ಲ ಗ್ರೂವು 54ರವರೆಗೆ ಬಂದಿದ್ದರೆ ಮಾತ್ರ. ಮಾನಕ ಅವಕಾಶ ಕೊಡುತ್ತದೆಯೇ ಹೊರತು ಒತ್ತಾಯಿಸುವುದಿಲ್ಲ. ಹಾಡು ಚಿಕ್ಕದಾದರೆ ಗ್ರೂವು ಹೊರಗೇ ಮುಗಿಯುತ್ತದೆ. ಪ್ರತಿ ಇಪಿಯನ್ನೂ ಬೇರೆಯಾಗಿ ಅಳೆಯಬೇಕು. ಒತ್ತಾಗಿ ಸುತ್ತಿದ ಗ್ರೂವು ಬಿಚ್ಚಿಕೊಂಡು ಖಾಲಿ ಪಟ್ಟಿಗೆ ಇಳಿಯುವ ಜಾಗ, ಮ್ಯಾಟ್ರಿಕ್ಸ್ ಸಂಖ್ಯೆ ಗೀಚಿರುವ ಪಟ್ಟಿಯ ಹೊರ ಅಂಚು, ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ನಡುವಿನ ರಂಧ್ರದ ಹತ್ತಿರದ ಅಂಚಿಗೆ ಅಳೆದು ರಂಧ್ರದ ತ್ರಿಜ್ಯವಾದ 3.6 ಮಿ.ಮೀ. ಕೂಡಿಸಬೇಕು. ಜೂಕ್‌ಬಾಕ್ಸಿಗಾಗಿ ನಡುವನ್ನು ಕತ್ತರಿಸಿ ತೆಗೆದ ಪ್ಲೇಟಾದರೆ ಇಡೀ ವ್ಯಾಸವನ್ನು ಅಳೆದು ಅರ್ಧ ಮಾಡುವುದೇ ಮೇಲು. ಎರಡು ಜ್ಯಾಮಿತಿಗಳ ದೋಷ ಒಳಭಾಗದಲ್ಲಿ ಸಮವಾಗುವುದು ಸುಮಾರು 62.6 ಮಿ.ಮೀ.ನಲ್ಲಿ. ಅದಕ್ಕಿಂತ ಹೊರಗೇ ಮುಗಿದ ಇಪಿಗೆ ಈ ವಿಭಾಗದ ವಾದ ಅನ್ವಯಿಸುವುದಿಲ್ಲ.